ಏಪ್ರಿಲ್ ತಿಂಗಳ ಕೇದಗೆ

ಗುಲ್ವಾಡಿಯ ಪ್ರೇಮಾನಂದ ಶೆಟ್ಟರ ಮೂಗು ಸಾಮಾನ್ಯದ್ದಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಿದ್ದರು. ಬ್ರಹ್ಮಾವರದಲ್ಲಿ ಇಪ್ಪತ್ತೆರಡು ವರ್ಷ ಹೋಟೆಲು ನಡೆಸಿದ ಅವರು ಒಂದು ದಿನವೂ ಸಾಂಬಾರನ್ನು ನಾಲಿಗೆಗೆ ಹಾಕಿ ನೋಡಿದವರಲ್ಲವಂತೆ. ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತಲ್ಲಿಂದಲೇ ಮೂಗನ್ನು ಒಂಚೂರು ಎತ್ತಿ, "ಇಂಗ್ ಕಮ್ಮಿ ಆಯ್ತ್" ಎಂದು ಒಳಗೆ ಕೂಗುತ್ತಿದ್ದರು. ಅಡುಗೆಯವನು ಇಂಗು ಹಾಕುತ್ತಿದ್ದ. ಹಾಕುತ್ತಿದ್ದನೋ, ಹಾಕಿದೆ ಎಂದು ಕೂಗುತ್ತಿದ್ದನೋ, ಅದು ಬೇರೆ ವಿಚಾರ. ಈಗ ಎರಡು ವರ್ಷದಿಂದ ಹೋಟೆಲನ್ನು ತಮ್ಮನಿಗೆ ವಹಿಸಿ ಊರಿನಲ್ಲಿದ್ದಾರೆ. ಮೂಗಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಗು ಎಲ್ಲೆಲ್ಲಿ ತೂರಿಕೊಳ್ಳುತ್ತದೆ ಎಂಬುದನ್ನು ಈಗ ಹೇಳುತ್ತೇನೆ.

ನಾನು ಅವರ ಪಕ್ಕದ ಮನೆಯವನಲ್ಲ. ಪಕ್ಕದ ಮನೆ ಕುಷ್ಟನದು, ಅದರಾಚೆಯದು ನನ್ನದು. ಪಕ್ಕದವನಾಗಿದ್ದರೆ ನನ್ನ ಮಾತಿನಲ್ಲಿ ಪಕ್ಷಪಾತ ಇದೆ ಎನ್ನುತ್ತಿದ್ದಿರಿ. ಒಂದು ಮನೆ ಬಿಟ್ಟು ಇರುವವನ ಮಾತನ್ನು ಧಾರಾಳವಾಗಿ ನಂಬಬಹುದು.

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಶೆಟ್ಟರು, ಅವರ ಹೆಂಡತಿ ಶ್ರೀಲತಾ, ನಾನು, ಕುಷ್ಟ ಎಲ್ಲ ಕಿರಿಮಂಜೇಶ್ವರಕ್ಕೆ ಹೋಗಿದ್ದೆವು. ಶೆಟ್ಟರ ಮಗಳು ಶ್ರಾವ್ಯ ಕುಂದಾಪುರದ ಶಾಲೆಯೊಂದರಲ್ಲಿ ಟೀಚರು. ಕಿರಿಮಂಜೇಶ್ವರದ ಉಲ್ಲಾಸ್ ಬೈಂದೂರಿನಲ್ಲಿ ಹೋಟೆಲು ನಡೆಸುವ ಹುಡುಗ. ಇಬ್ಬರೂ ಯಾರದೋ ಮದುವೆಯಲ್ಲಿ ನೋಡಿ, ಮಾತಾಡಿ, ಒಪ್ಪಿಕೊಂಡಿದ್ದರು. ಈಗ ಹಿರಿಯರು ಒಪ್ಪಬೇಕಿತ್ತು. ಆ ಮನೆಯಲ್ಲಿ ಹಿರಿಯರು ಎಂದರೆ ಒಬ್ಬರೇ, ಉಲ್ಲಾಸನ ಅಜ್ಜಿ ಅಮ್ಮಣ್ಣಿಯವರು. ಎಂಬತ್ತೆರಡು ವರ್ಷ. ಅವರು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಅವತ್ತು ಹೂಂ ಎಂದರು. ಇಪ್ಪತ್ತಾರನೇ ತಾರೀಕಿಗೆ ನಿಶ್ಚಿತಾರ್ಥ ಎಂದಾಯಿತು.

ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಬಂದವರ ಕೈಗೆ ನೆನಪಿಗೆಂದು ಏನು ಕೊಡುವುದು ಎಂಬ ಪ್ರಶ್ನೆ ಎದ್ದಿತು. ಕುಷ್ಟ ಸ್ಟೀಲ್ ಡಬ್ಬಿ ಎಂದ. ಹೊಸ ಏಸಿಯ ಕೆಳಗೆ ಎರಡು ಗಂಟೆಯಿಂದ ಕುಳಿತಿದ್ದ ಪ್ರೇಮಾನಂದ ಶೆಟ್ಟರು ಕೈ ಎತ್ತಿದರು.

"ಸ್ಟೀಲ್ ಡಬ್ಬಿ ಎಲ್ಲರ್ ಮನಿಯಂಗೂ ಇತ್ತ್. ನಾವ್ ಪರ್ಮಳದ ಮೇಣದ ಬಿಲ್ಲಿ ಕೊಡುವ. ವ್ಯಾಕ್ಸ್ ಮೆಲ್ಟ್ ಅಂದೇಳಿ. ಬತ್ತಿ ಇಲ್ಲೆ, ಹೊಗಿ ಇಲ್ಲೆ. ಸಣ್ಣ್ ದೀಪದ ಮೇಲೆ ತಟ್ಟಿ ಇಟ್ಟ್ ಅದ್ರಂಗೆ ಹಾಕ್ರೆ ಕರ್ಗಿ ಮನಿಯಿಡೀ ಪರ್ಮಳ. ಮಂಗ್ಳೂರಿನ ಲಾಡ್ಜಂಗೆ ನಾನ್ ಕಂಡಿದ್ದೆ."

"ಎಲ್ಲಿಂದ ತರ್ಸ್ತ್ರಿ ಶೆಟ್ರೆ?" ಎಂದು ಅಮ್ಮಣ್ಣಿ ಕೇಳಿದರು.

"ತರ್ಸುದ್ ಎಂತಕ್ಕೆ ಅಮ್ಮ? ನಾನೇ ಮೇಣ ಆರ್ಸಿ ತಂದ್ ಮನಿಯಂಗೆ ಮಾಡ್ತೆ. ಇನ್ನೂರ್ ಬಿಲ್ಲಿ. ಪರ್ಮಳಕ್ಕೆ ನನ್ನ್ ಮೂಗ್ ಇತ್ತಲೆ."

"ಮೂಗ್ ಎಲ್ಲರಿಗೂ ಇತ್ತ್," ಎಂದರು ಅಮ್ಮಣ್ಣಿ, ಎಲೆಗೆ ಸುಣ್ಣ ಹಚ್ಚುತ್ತಾ.

ಇದನ್ನು ಶೆಟ್ಟರು ಹೊಗಳಿಕೆ ಎಂದುಕೊಂಡರು. ಹಿಂದೆ ಬರುವಾಗ ಕಾರಿನಲ್ಲಿ ಮೊದಲ ಸೀನು ಬಂತು. ಹೆಮ್ಮಾಡಿ ದಾಟುವಷ್ಟರಲ್ಲಿ ಹನ್ನೊಂದು ಸೀನಿದರು.

"ಶೀತ ಆಯ್ತಾ?" ಎಂದರು ಶ್ರೀಲತಾ.

"ಶೀತವಾ? ನಂಗಾ? ಧೂಳ್," ಎಂದರು ಶೆಟ್ಟರು. ಆವತ್ತಿನಿಂದ ಮೂರು ವಾರ ಅವರ ಮನೆಯಲ್ಲಿ ಶೀತ ಎಂಬ ಪದ ಬಳಕೆಯಲ್ಲಿರಲಿಲ್ಲ. ಎಲ್ಲವೂ ಧೂಳು.

ಮರುದಿನ ಬ್ರಹ್ಮಾವರದ ಜಿತೇಂದ್ರನ ಅಂಗಡಿಗೆ ಹೋದರು. ಊದುಬತ್ತಿ, ಫಿನಾಯಿಲ್, ಮೇಣದಬತ್ತಿ, ಇವನ್ನೆಲ್ಲ ಮನೆಯಲ್ಲೇ ಮಾಡುವವರಿಗೆ ಬೇಕಾದ ಸಾಮಾನು ಅಲ್ಲಿ ಸಿಗುತ್ತದೆ. ಚೀಲ ಹಿಡಿಯಲು ನಾನೂ ಜೊತೆಗಿದ್ದೆ. ಜಿತೇಂದ್ರ ಮೂರು ತುಂಡು ಮೇಣ ತಂದು ಮೇಜಿನ ಮೇಲಿಟ್ಟ.

"ಇದ್ ಜೇನುಮೇಣ ಶೆಟ್ರೆ. ಇದ್ಕ್ ಇದ್ರದ್ದೇ ಒಂದ್ ವಾಸ್ನಿ ಇತ್ತ್. ನೀವ್ ಹಾಕುವ ಪರ್ಮಳ ಮೇಲ್ ಬಪ್ಪುಕೆ ಬಿಡ್ತಿಲ್ಲೆ. ಇದ್ ಪ್ಯಾರಾಫಿನ್. ಗಟ್ಟಿ. ಅರ್ವತ್ತ್ ಡಿಗ್ರಿ ಆಗ್ದೆ ಕರ್ಗುದಿಲ್ಲೆ. ಅಚ್ಚಿಂದ ಟಪ್ ಅಂದೇಳಿ ಬಿಡ್ತ್. ಇದ್ ಸೋಯಾ. ಮೆತ್ತಗ್ ಇತ್ತ್. ಗ್ಲಾಸಿಗೆ ಹೊಯ್ದ್ ಇಡುಕೆ ಲಾಯ್ಕ್, ಬಿಲ್ಲಿ ಮಾಡುಕೆ ಇದೊಂದೇ ಆದ್ರೆ ಆತಿಲ್ಲೆ. ನಮ್ಮ್ ಬಿಸ್ಲಿಗೆ ನಿಲ್ಲುದಿಲ್ಲೆ. ಗಟ್ಟಿದ್ ಮುಕ್ಕಾಲ್, ಸೋಯಾ ಕಾಲ್ ಬೆರ್ಸಿ."

ಶೆಟ್ಟರು ಮೂರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಇಪ್ಪತ್ತೆರಡು ವರ್ಷ ಇಡ್ಲಿ ಒತ್ತಿದ ಹೆಬ್ಬೆರಳು. ಜೇನುಮೇಣ ಅಂಟಿತು. ಪ್ಯಾರಾಫಿನ್ ಕಲ್ಲಿನ ಹಾಗೆ ಕೂತಿತ್ತು. ಸೋಯಾದಲ್ಲಿ ಬೆರಳು ಒಳ್ಳೆ ಸಮಾಧಾನದಿಂದ ಇಳಿಯಿತು.

"ಇದೇ ಆಯ್ಕ್," ಎಂದರು.

"ಅದ್ ಮೆತ್ತಗಿನದ್ ಶೆಟ್ರೆ."

"ಇಡ್ಲಿ ಗಟ್ಟಿ ಇದ್ರೆ ಯಾರ್ ತಿಂತ್ರ್?"

"ಇದ್ ತಿಂಬುದಲ್ಲ."

"ಕರ್ಗುಕೇ ಇಪ್ಪುದ್ ಅಲ್ದಾ ಮಾರಾಯ? ಕರ್ಗುಕೆ ಇಪ್ಪುದ್ ಬೇಗ ಕರ್ಗುದ್ ಒಳ್ಳೇದಾ, ಲೇಟಾಯಿ ಕರ್ಗುದ್ ಒಳ್ಳೇದಾ?"

ಜಿತೇಂದ್ರ ಬಿಎಸ್ಸಿ ಓದಿದವನು. ಆದರೂ ತಕ್ಕಡಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹತ್ತು ಕಿಲೋ ಸೋಯಾ ಕಟ್ಟಿಕೊಟ್ಟು, ಒಂದು ಕಿಲೋ ಮೇಣಕ್ಕೆ ಅರವತ್ತು ಗ್ರಾಂ ಪರಿಮಳದ ಎಣ್ಣೆ, ಅದಕ್ಕಿಂತ ಹೆಚ್ಚು ಬೇಡ ಎಂದು ಚೀಟಿ ಬರೆದುಕೊಟ್ಟ. ಶೆಟ್ಟರು ಚೀಟಿಯನ್ನು ಗೌರವದಿಂದ ಜೇಬಿಗಿಟ್ಟರು. ಚೀಟಿ ನೋಡಿ ಅಡುಗೆ ಮಾಡುವುದು ಅವರ ಜಾಯಮಾನವಲ್ಲ.

ಇನ್ನು ಪರಿಮಳ. ಲ್ಯಾವೆಂಡರು, ವೆನಿಲಾ ಎಲ್ಲ ಪರದೇಶಿ ವಾಸನೆ, ನಮ್ಮ ಹೆಣ್ಣಿನ ನಿಶ್ಚಯಕ್ಕೆ ನಮ್ಮದೇ ಬೇಕು ಎಂದು ಶೆಟ್ಟರು ಮೊದಲೇ ತೀರ್ಮಾನಿಸಿದ್ದರು. ಅವರ ದಾಯಾದಿ ತಮ್ಮ ಕಿಟ್ಟ ಮುಂಬಯಿಯಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದಾನೆ. ಅಲ್ಲಿ ಪೇಡೆಗೆ ಬಿಡುವ ಕೇದಗೆಯ ಪರಿಮಳ ಇದೆಯಲ್ಲ, ಅದರ ದಪ್ಪ ಎಣ್ಣೆಯನ್ನೇ ಅತ್ತರಿನವರಿಂದ ತರಿಸಿ ಒಂದು ದೊಡ್ಡ ಬಾಟ್ಲಿ ಕೊರಿಯರ್ ಮಾಡಿದ. ಇದು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯ ಹತ್ತಿರ ಶೆಟ್ಟರು ಗಂಧ ಎಂದಿದ್ದರು. ನಿಶ್ಚಯದ ದಿನ ಎಲ್ಲರೂ ಅಚ್ಚರಿಪಡಲಿ ಎಂದು.

ಅದೇ ವಾರ ಶ್ರೀಲತಾ, ಶ್ರಾವ್ಯ ಇಬ್ಬರೂ ಸೀರೆ ತೆಗೆಯಲು, ನೆಂಟರಿಗೆ ನಿಶ್ಚಯದ ಹೇಳಿಕೆ ಕೊಡಲು ಶಿರೂರಿನ ತವರಿಗೆ ನಾಲ್ಕು ದಿನಕ್ಕೆ ಹೋದರು. ಹೊರಡುವಾಗ ಶ್ರೀಲತಾ ಹೇಳಿದ್ದು ನನ್ನ ಮನೆಗೂ ಕೇಳಿತ್ತು.

"ಹ್ವಾಯ್, ನಾವ್ ಬಪ್ಪವರಿಗೆ ಆ ಮೇಣ ಮುಟ್ಬೇಡಿ!"

ಬಸ್ಸು ತಿರುವು ದಾಟುವ ಮೊದಲೇ ಶೆಟ್ಟರು ಹಿಂದಿನ ಖಾಲಿ ದನದ ಹಟ್ಟಿಯಲ್ಲಿ ಬಾಗಿಲು ಮುಚ್ಚಿಕೊಂಡು ಒಲೆ ಹಚ್ಚಿದ್ದರು. ಆ ಎರಡು ದಿನ ಗಾಳಿ ಹೊಳೆಯ ಕಡೆಗಿತ್ತು, ನಮಗೆ ಏನೂ ತಿಳಿಯಲಿಲ್ಲ.

ಮೇಣ ಚೆನ್ನಾಗಿ ಕರಗಿತು. ಕಿಲೋಗೆ ಅರವತ್ತು ಗ್ರಾಂ ಲೆಕ್ಕದಲ್ಲಿ ಎಣ್ಣೆ ಹಾಕಿ ಮೂಗೆತ್ತಿದರು. ಏನೂ ಇಲ್ಲ. ಇನ್ನೊಂದಿಷ್ಟು ಹಾಕಿದರು. ಏನೂ ಇಲ್ಲ. ಪಾತ್ರೆಯೊಳಗೆ ತಲೆ ಹಾಕಿ ಮೂಸಿದರು. ಬರೀ ಬಿಸಿ. ಅವರಿಗೆ ಸಿಟ್ಟು ಬಂದು ಕಿಟ್ಟನಿಗೆ ಫೋನು ಮಾಡಿದರು.

"ಎಂತ ಮಾರಾಯ, ನೀರ್ ಕಳ್ಸಿದ್ಯ?"

"ನೀರಾ?" ಎಂದ ಕಿಟ್ಟ. "ಪ್ರೇಮಣ್ಣ, ಅದ್ರದ್ದ್ ಒಂದ್ ಹನಿ ಅಂಗಿಗ್ ಬಿದ್ರೆ ಅಂಗಿ ಬಿಸಾಡ್ಕ್. ಪ್ಯಾಕ್ ಮಾಡ್ದ್ ಮೇಲೆ ಎರ್ಡ್ ದಿನ ನನ್ನ್ ಹೆಂಡ್ತಿ ಹತ್ರ ಬರ್ಲಿಲ್ಲೆ. ನಿಮ್ಗೆ ಶೀತಗೀತ ಆಯ್ತಾ?"

"ನನ್ನ್ ಮೂಗಿನ ವಿಷ್ಯ ನಂಗೆ ಹೇಳ್ಬೇಡ!" ಎಂದು ಶೆಟ್ಟರು ಫೋನು ಇಟ್ಟರು. ಇಟ್ಟು, ಇಡೀ ಬಾಟ್ಲಿಯನ್ನು ಪಾತ್ರೆಗೆ ಬಗ್ಗಿಸಿದರು. ಆಗಲೂ ಏನೂ ಬರಲಿಲ್ಲ.

ಅಚ್ಚಿಗೆ ಅವರು ಹೋಟೆಲಿನ ಹಳೆಯ ಪೇಡೆಯ ಮರದ ಅಚ್ಚುಗಳನ್ನು ತೆಗೆದಿಟ್ಟಿದ್ದರು. ಹಂಸದ ಚಿತ್ರ. ಹೊಯ್ದು ಮಲಗಿದರು. ಬೆಳಿಗ್ಗೆ ತೆಗೆಯಲು ಹೋದರೆ ಹಂಸ ಅಚ್ಚನ್ನು ಬಿಟ್ಟು ಬರಲು ಒಪ್ಪಲಿಲ್ಲ. ಚಮಚದಲ್ಲಿ ಎಬ್ಬಿಸಿದರೆ ಮೈ ಬಂತು, ಕುತ್ತಿಗೆ ಬರಲಿಲ್ಲ. ಸಂಜೆಯ ಹೊತ್ತಿಗೆ ಕುತ್ತಿಗೆಯಿಲ್ಲದ ಹಂಸಗಳ ಒಂದು ರಾಶಿ ಆಯಿತು. ಆಕಾರವಿಲ್ಲ, ಪರಿಮಳವೂ ಇಲ್ಲ. ಹೆಂಡತಿ ಬಂದು ನೋಡಿದರೆ ಮುಂದಿನ ಇಪ್ಪತ್ತು ವರ್ಷಕ್ಕೆ ಸಾಕಾಗುವಷ್ಟು ಮಾತಾಗುತ್ತದೆ. ಇದನ್ನು ಮುಚ್ಚಿಡಲು ಯಾರೂ ಕಾಲಿಡದ ಜಾಗ ಬೇಕಿತ್ತು.

ಅಂಥ ಜಾಗ ಒಂದಿತ್ತು. ಶೆಟ್ಟರ ಹಿತ್ತಿಲಿಗೂ ಕುಷ್ಟನ ಹಿತ್ತಿಲಿಗೂ ನಡುವೆ ಎರಡು ಅಡಿ ಅಗಲದ ಒಂದು ಪಟ್ಟಿ. ಅದು ಯಾರದ್ದು ಎಂಬುದು ಆರು ವರ್ಷದಿಂದ ತೀರ್ಮಾನವಾಗಿಲ್ಲ. ಕುಷ್ಟ ಗುಡಿಸಿದರೆ ಅವನು ಸ್ವಾಧೀನ ಮಾಡಿಕೊಂಡ ಎಂದು ಶೆಟ್ಟರು ಹೇಳಬಹುದು. ಶೆಟ್ಟರು ಗುಡಿಸಿದರೆ ಕುಷ್ಟ ಹೇಳಬಹುದು. ಆದ್ದರಿಂದ ಯಾರೂ ಗುಡಿಸುವುದಿಲ್ಲ. ಮಾತುಕತೆ, ಸಾರು, ಉಪ್ಪಿನಕಾಯಿ ಎಲ್ಲ ಆಚೀಚೆ ಹೋಗುತ್ತದೆ, ಪೊರಕೆ ಮಾತ್ರ ಹೋಗುವುದಿಲ್ಲ. ಆರು ವರ್ಷದ ತರಗೆಲೆ ಅಲ್ಲಿ ಬಿದ್ದಿತ್ತು. ಶೆಟ್ಟರು ನಸುಕಿನಲ್ಲಿ ಹತ್ತು ಕಿಲೋ ಮೇಣವನ್ನು ಆ ಎಲೆಗಳ ಕೆಳಗೆ ಉದ್ದಕ್ಕೆ ಹರಡಿ, ಮೇಲೆ ಎಲೆ ಮುಚ್ಚಿ, ಹಟ್ಟಿಗೆ ಬೀಗ ಹಾಕಿ, ಹೊಳೆಯಲ್ಲಿ ಮಿಂದು ಬಂದರು.

ಆ ಪಟ್ಟಿಗೆ ಮರದ ನೆರಳಿಲ್ಲ. ಹನ್ನೊಂದು ಗಂಟೆಯಿಂದ ನೇರ ಬಿಸಿಲು.

ಅದೇ ದಿನ ಮಧ್ಯಾಹ್ನ ಕುಷ್ಟ ಅಂಗಳದಲ್ಲಿ ಕೊಬ್ಬರಿ ಮಗುಚುತ್ತಿದ್ದವನು ತಟ್ಟನೆ ನಿಂತ. ಹೆಂಡತಿ ನಾಗುವನ್ನು ಕರೆದ. ಅವಳೂ ನಿಂತಳು. ಇಬ್ಬರೂ ಪಟ್ಟಿಯ ಹತ್ತಿರ ಬಂದು ಮೆಲ್ಲನೆ ಕೂಗಿದರು.

"ಹ್ವಾಯ್ ಪ್ರೇಮಣ್ಣ, ಒಂಚೂರ್ ಈಚಿ ಬನ್ನಿ. ನಿಮ್ಗೆ ಎಂತಾರೂ ವಾಸ್ನಿ ಬತ್ತಾ ಇತ್ತಾ?"

"ಎಂತ ವಾಸ್ನಿ?"

"ಕೇದಗಿ," ಎಂದ ಕುಷ್ಟ.

"ಏಪ್ರಿಲ್ ತಿಂಗ್ಳಂಗೆ ಕೇದಗಿ ಎಲ್ಲಿಂದ ಬಪ್ಪುದ್?" ಎಂದಳು ನಾಗು. ಅವಳು ಸೆರಗು ಹೊದ್ದುಕೊಂಡಳು. "ಹೊಳಿ ಬದಿ ಹಿಂಡ್ಲಂಗೂ ಒಂದ್ ಹೂಗ್ ಇಲ್ಲೆ."

ಹೊಳೆ ಬದಿಯ ಹಿಂಡಲಿನಲ್ಲಿ, ಅಂದರೆ ಪೊದೆಯಲ್ಲಿ, ಕೇದಗೆ ಅರಳುವುದು ಮಳೆಗಾಲದಲ್ಲಿ. ನಾಗರ ಪಂಚಮಿಗೆ ನಾಗನಿಗೆ ಇಡುವ ಹೂವು. ಅದರ ವಾಸನೆ ಕಾಲವಲ್ಲದ ಕಾಲದಲ್ಲಿ, ನಡು ಮಧ್ಯಾಹ್ನ, ಹೂವೇ ಇಲ್ಲದ ಜಾಗದಲ್ಲಿ ಬಂದರೆ ಅದು ನಾಗನ ಸಂಚಾರ ಎಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕುಷ್ಟ ಆಗಲೇ ಚಪ್ಪಲಿ ಬಿಟ್ಟಾಗಿತ್ತು.

ಶೆಟ್ಟರು ಮೂಗೆತ್ತಿದರು. ಏನೂ ಇಲ್ಲ. ನನಗೆ ವಾಸನೆ ಬರುತ್ತಿಲ್ಲ ಎಂದು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೊಬ್ಬರಿ ಮಗುಚುವ ಕುಷ್ಟನಿಗೆ ಬಂದ ವಾಸನೆ ಪ್ರೇಮಾನಂದ ಶೆಟ್ಟರ ಮೂಗಿಗೆ ಬರಲಿಲ್ಲ ಎಂದು ಊರಿನಲ್ಲಿ ಹಬ್ಬಿದರೆ?

"ಈಗ ಗೊತ್ತಾಯ್ತಾ ನಿಂಗೆ?" ಎಂದರು ಶೆಟ್ಟರು. "ನಂಗೆ ಬೆಳಿಗ್ಗೆಯೇ ಬಂದಿತ್ತ್. ಕೇದಗಿ ಒಂದೇ ಅಲ್ಲ ಕುಷ್ಟ, ಸಮ ಮೂಸಿ ಕಾಣ್. ಅಡಿಯಂಗೆ ಹಿಂಗಾರದ್ದೂ ಇತ್ತ್."

ಹಿಂಗಾರ ಎಂದರೆ ಅಡಿಕೆಯ ಹೂಗೊಂಚಲು, ಅದೂ ನಾಗನಿಗೆ ಪ್ರಿಯ. ಕುಷ್ಟ ಕಣ್ಣು ಮುಚ್ಚಿ ಎಳೆದುಕೊಂಡ.

"ಹೌದಲೆ!" ಎಂದ.

ಅಲ್ಲಿಂದ ಮುಂದೆ ಬಂದವರಿಗೆಲ್ಲ ಹಿಂಗಾರದ ವಾಸನೆಯೂ ಬಂತು.

ಮರುದಿನ ಹನ್ನೆರಡು ಗಂಟೆಗೆ ಹದಿನೈದು ಜನ ಸೇರಿದ್ದರು. ಬಿಸಿಲು ಏರಿದ ಹಾಗೆ ವಾಸನೆ ಏರುತ್ತಿತ್ತು, ಬಿಸಿಲು ಇಳಿದ ಹಾಗೆ ಇಳಿಯುತ್ತಿತ್ತು. ಮೂರನೇ ದಿನ ಹೆಡೆ ಕಂಡವರು ಬಂದರು. ನಾಲ್ಕನೇ ದಿನಕ್ಕೆ ಹೆಡೆಗೆ ಚಿನ್ನದ ಬಣ್ಣ ಬಂದಿತ್ತು. ನಾನೂ ಹೋದೆ. ಚಪ್ಪಲಿಯನ್ನು ದೂರವೇ ಬಿಟ್ಟೆ. ನಗುವವರು ನಗಲಿ, ವಾಸನೆ ಬಂತು, ಕೈ ಮುಗಿದೆ. ನಡುವೆ ನಿಂತು ಶೆಟ್ಟರು ಬಂದವರಿಗೆ ವಾಸನೆಯ ಪದರಗಳನ್ನು ವಿವರಿಸುತ್ತಿದ್ದರು.

ಹೂತಿಟ್ಟ ಮೇಣದ ನೆನಪು ಅವರಿಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಆದರೆ ಆ ಮೇಣಕ್ಕೆ ವಾಸನೆಯೇ ಇರಲಿಲ್ಲವಲ್ಲ! ಅದನ್ನು ಸ್ವಂತ ಮೂಗೇ ಅವರಿಗೆ ಹೇಳಿತ್ತು. ಮೇಣದ ನೆನಪು ಬಂದಾಗ ಅವರಿಗೆ ಹೊಳೆದದ್ದು ಬೇರೆಯೇ. ನಾಗನ ಸಂಚಾರದ ಜಾಗದಲ್ಲಿ ನಾನು ಕಸ ಹಾಕಿದೆ, ಅದಕ್ಕೇ ಎಲ್ಲರಿಗೂ ಕೊಡುವ ವಾಸನೆಯನ್ನು ನನಗೊಬ್ಬನಿಗೆ ಕೊಡುತ್ತಿಲ್ಲ ಎಂದು. ಹಗಲು ವಿವರಿಸುತ್ತಿದ್ದ ಮನುಷ್ಯ ಊಟದ ಹೊತ್ತಿಗೆ ಅನ್ನ ಕಲಸಿ ಸುಮ್ಮನೆ ಕೂತಿರುತ್ತಿದ್ದರು. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಇದರ ನಡುವೆ ಸರ್ವೆಯವರು ಬಂದರು. ಆ ಪಟ್ಟಿಯನ್ನು ಅಳೆಯಿರಿ ಎಂದು ಕುಷ್ಟ ಎರಡು ವರ್ಷದ ಹಿಂದೆ ಕೊಟ್ಟ ಅರ್ಜಿಗೆ ಅವತ್ತೇ ಮೋಕ್ಷ ಸಿಕ್ಕಿತ್ತು. ಹಾವೇರಿ ಕಡೆಯ ತರುಣ ಅಧಿಕಾರಿ, ಹೆಗಲ ಮೇಲೆ ಯಂತ್ರ. ಜನ ದಾರಿ ಬಿಟ್ಟರು. ಪಟ್ಟಿಯ ತುದಿಗೆ ಬಂದು ಒಮ್ಮೆ ಉಸಿರೆಳೆದುಕೊಂಡು ಅವರು ನಿಂತುಬಿಟ್ಟರು.

"ಇದೇನ್ರೀ ಇದು?"

"ನಾಗ," ಎಂದ ಕುಷ್ಟ. "ನೀವ್ ಗಡಿಕಲ್ಲ್ ಹಾಕಿ ಸಾರ್. ನಾವ್ ಬ್ಯಾಡ ಅಂಬುದಿಲ್ಲೆ. ಹೊಂಡ ಮಾತ್ರ ನೀವೇ ತೋಡ್ಕ್."

ಅಧಿಕಾರಿ ತಮ್ಮ ಸಹಾಯಕನನ್ನು ನೋಡಿದರು. ಸಹಾಯಕ ಆಕಾಶ ನೋಡಿದ. ಕೊನೆಗೆ ಜೀಪಿನಲ್ಲಿ ಕೂತು ವರದಿ ಬರೆದರು. ಅದರ ನಕಲು ಕುಷ್ಟನ ಹತ್ತಿರ ಈಗಲೂ ಇದೆ: "ಸದರಿ ಸ್ಥಳದಲ್ಲಿ ಸುವಾಸನೆ ಕಂಡುಬಂದಿರುವುದರಿಂದ ಅಳತೆ ಕಾರ್ಯವನ್ನು ಮುಂದೂಡಿದೆ."

ಶಿರೂರಿನಿಂದ ಬಂದ ಶ್ರೀಲತಾ ಬಾಗಿಲಲ್ಲೇ ಕೈ ಮುಗಿದು ಅತ್ತರು. ಮೇಣ ಎಲ್ಲಿ ಎಂದು ಕೇಳುವುದನ್ನೂ ಮರೆತರು. ಅವರ ಹಿಂದೆಯೇ ಕಿರಿಮಂಜೇಶ್ವರದಿಂದ ಫೋನು ಬಂತು. ಸುದ್ದಿ ಅಲ್ಲಿಗೂ ತಲುಪಿತ್ತು.

"ಶೆಟ್ರೆ," ಎಂದರು ಅಮ್ಮಣ್ಣಿ. "ನಿಮ್ಗೂ ವಾಸ್ನಿ ಬಂತ್ ಅಂಬ್ರ್. ಹೌದಾ?"

"ಹೌದ್ ಅಮ್ಮ," ಎಂದರು ಶೆಟ್ಟರು. ಬೇರೆ ಏನು ಹೇಳುತ್ತಾರೆ?

"ನೀವೇ ಹೇಳ್ದ್ ಮೇಲೆ ಮುಗೀತ್. ನಾಗ ಎಂತ ಕೇಣ್ತಾ ಇತ್ತ್ ಅಂದೇಳಿ ಗೊತ್ತಾಗ್ದೆ ನಿಶ್ಚಯ ಮಾಡುಕೆ ಆತಿಲ್ಲೆ. ಐತವಾರ ನಾನೇ ಬಂದ್ ಕಾಂತೆ. ಆಮೇಲೆ ಜೋಯಿಸ್ರ್ ಹತ್ರ ಕೇಂಬ."

ಇದು ಸಣ್ಣ ಮಾತಲ್ಲ. ಜೋಯಿಸರಿಗೆ ಮೇ ಕೊನೆಯವರೆಗೆ ಪುರುಸೊತ್ತಿಲ್ಲ. ಆಮೇಲೆ ಮಳೆ, ಆಷಾಢ. ಅಷ್ಟರಲ್ಲಿ ಉಲ್ಲಾಸನಿಗೆ ಬೇರೆ ಹೆಣ್ಣು ಹೇಳಲು ಕಾದು ಕುಳಿತ ನೆಂಟರು ಆ ಮನೆಯಲ್ಲಿ ಸಾಕಷ್ಟಿದ್ದರು. ಶ್ರಾವ್ಯ ಎದ್ದು ಹೊರಗೆ ಹೋದಳು. ಹಿತ್ತಿಲಿನ ಕಲ್ಲಿನ ಮೇಲೆ ಕೂತು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಶೆಟ್ಟರು ಹತ್ತಿರ ಹೋಗಿ ನಿಂತರು.

"ಅಪ್ಪಯ್ಯ, ನಿಮ್ಗೆ ನಿಜವಾಯಿ ವಾಸ್ನಿ ಬಂತಾ?" ಎಂದು ಅವಳು ತಲೆ ಎತ್ತದೆ ಕೇಳಿದಳು.

"ಬಂತ್ ಮಗಾ."

"ಹಾಂಗಾರೆ ಬಿಡಿ. ನೀವ್ ಹೇಳ್ರೆ ಸಮವೇ."

ಶೆಟ್ಟರು ಒಳಗೆ ಹೋದರು. ಜನ್ಮದಲ್ಲಿ ಅಷ್ಟು ಸಣ್ಣವನಾದದ್ದು ಅದೇ ಮೊದಲು ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಭಾನುವಾರ ಹನ್ನೆರಡು ಗಂಟೆಗೆ ಅಮ್ಮಣ್ಣಿ ಬಂದರು. ಜೊತೆಗೆ ಉಲ್ಲಾಸ್. ಊರಿಗೆ ಊರೇ ಎರಡೂ ಹಿತ್ತಿಲುಗಳಲ್ಲಿ ಇತ್ತು. ಬಿಸಿಲು ಹೇಗಿತ್ತೆಂದರೆ ಅಂಗಳದ ಮಣ್ಣಿನಲ್ಲಿ ಬರಿಗಾಲು ಇಡುವಂತಿರಲಿಲ್ಲ. ಆದರೂ ಮುದುಕಿ ಚಪ್ಪಲಿ ಬಿಟ್ಟು, ಕೋಲೂರಿಕೊಂಡು ಪಟ್ಟಿಯವರೆಗೆ ನಡೆದರು. ಕಣ್ಣು ಮುಚ್ಚಿದರು. ವಾಸನೆ ಅವತ್ತು ತಲೆ ತಿರುಗುವಷ್ಟಿತ್ತು. ಅವರು ಬಹಳ ಹೊತ್ತು ಹಾಗೇ ನಿಂತರು.

"ಶೆಟ್ರೆ," ಎಂದರು ಕಣ್ಣು ತೆರೆಯದೆ. "ಮೂಗಿನವ್ರ್ ನೀವ್. ಎಂತ ವಾಸ್ನಿ ಬತ್ತ್, ಒಮ್ಮಿ ಹೇಳಿ."

ಶೆಟ್ಟರು ಬಾಯಿ ತೆರೆದರು. "ಕೇದ..." ಎಂದರು. ಅಷ್ಟರಲ್ಲಿ ಮಗಳ ಮುಖ ಕಂಡಿತು. ಅವಳು ಅಳುತ್ತಿರಲಿಲ್ಲ. ಅಪ್ಪ ಏನು ಹೇಳಿದರೂ ನಂಬಲು ತಯಾರಾಗಿ ನಿಂತಿದ್ದಳು. ಶೆಟ್ಟರು ಅಮ್ಮಣ್ಣಿಯ ಕಡೆ ತಿರುಗಿದರು.

"ನಂಗೆ ಎಂತ ವಾಸ್ನಿಯೂ ಬತ್ತಿಲ್ಲೆ ಅಮ್ಮ," ಎಂದರು.

"ಈಗ ಬತ್ತಿಲ್ಯಾ?"

"ಒಂದ್ ದಿನವೂ ಬರ್ಲಿಲ್ಲೆ. ನಿಮ್ಮನಿಗ್ ಬಂದ್ ಹೋದ್ ದಿನದಿಂದ ನನ್ನ್ ಮೂಗ್ ಸತ್ತಿತ್ತ್."

ಒಂದು ಗುಜುಗುಜು ಎದ್ದಿತು. ಶೆಟ್ಟರು ನಿಲ್ಲಿಸಲಿಲ್ಲ.

"ಇನ್ನೊಂದ್ ಇತ್ತ್. ಇಲ್ಲ್ ನಾನ್ ಕಸ ಹಾಕಿದ್ದೆ. ಹತ್ತ್ ಕಿಲೋ ಮೇಣ. ಎಲಿ ಅಡಿಯಂಗೆ ಮುಚ್ಚಿದ್ದೆ. ನಾಗಂಗೆ ಸಿಟ್ಟ್ ಬಂದಿದ್ರೆ ಅದ್ ನನ್ನ್ ಮೇಲೆ. ಹೆಣ್ಣಿದ್ ಎಂತದೂ ತಪ್ಪಿಲ್ಲೆ. ಎಂತ ತಪ್ಪ್ ಕಾಣ್ಕಿ ಹಾಕ್ಕ್ ಹೇಳಿ, ನಾನ್ ಹಾಕ್ತೆ."

ಅಮ್ಮಣ್ಣಿ ಕಣ್ಣು ತೆರೆದರು.

"ಎಂತ ಮೇಣ?"

"ಆ ಬಿಲ್ಲಿ ಮಾಡುಕೆ ತಂದದ್ದ್. ಸಮ ಆಯ್ಲಿಲ್ಲೆ."

"ಅದ್ಕ್ ಪರ್ಮಳ ಹಾಕಿದ್ರ್ಯಾ?"

"ಹಾಕಿದ್ದೆ."

"ಎಂತದ್ದ್?"

"ಕೇದಗಿದ್," ಎಂದರು ಶೆಟ್ಟರು. "ಆದ್ರೆ ಅದ್ಕ್ ವಾಸ್ನಿಯೇ ಇರ್ಲಿಲ್ಲೆ ಅಮ್ಮ."

ಎರಡು ಹಿತ್ತಿಲುಗಳಲ್ಲಿದ್ದ ಎಪ್ಪತ್ತು ಜನರ ತಲೆ ನಿಧಾನವಾಗಿ ಶೆಟ್ಟರ ಕಡೆ ತಿರುಗಿತು.

"ಎಷ್ಟ್ ಹಾಕಿದ್ರಿ?" ಎಂದರು ಅಮ್ಮಣ್ಣಿ.

"ಇಡೀ ಬಾಟ್ಲಿ."

ಅಮ್ಮಣ್ಣಿ ಕೋಲಿನಿಂದ ತರಗೆಲೆಯನ್ನು ಸರಿಸಿದರು. ಕೋಲಿನ ತುದಿಗೆ ಬೆಣ್ಣೆಯಂಥದ್ದು ಅಂಟಿಕೊಂಡು ಬಂತು. ಅದರಲ್ಲಿ ಅರ್ಧ ಕರಗಿದ ಒಂದು ಹಂಸ, ಕುತ್ತಿಗೆ ಇಲ್ಲದ್ದು.

"ಪೊರಿ!" ಎಂದು ಕುಷ್ಟ ಕೂಗಿದ. ಹಾವಿನ ಪೊರೆ ಎಂದು.

"ಬಾಯ್ ಮುಚ್ಕಣಿ," ಎಂದಳು ನಾಗು. "ಪೊರಿಗ್ ರೆಕ್ಕಿ ಇರ್ತಾ?"

"ಹಾಂಗಾರೆ ಆ ಹಿಂಗಾರ?" ಎಂದು ಕುಷ್ಟ ಶೆಟ್ಟರ ಕಡೆ ತಿರುಗಿದ. ಅವನ ದನಿ ಅಳುವಂತಿತ್ತು.

"ಅದ್ ನಾನ್ ಬಾಯಿಗ್ ಬಂದ್ ಹಾಂಗೆ ಹೇಳದ್ದ್ ಕುಷ್ಟ."

"ನಂಗೆ ಬಂದಿತ್ತಲೆ!"

ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಶ್ರೀಲತಾ ಮಾತ್ರ ನಗಲಿಲ್ಲ. ಅವರು ಹಟ್ಟಿಯ ಬೀಗವನ್ನೇ ನೋಡುತ್ತಿದ್ದರು. ಶೆಟ್ಟರು ತಲೆ ತಗ್ಗಿಸಿ ನಿಂತಿದ್ದರು. ಆದರೆ ಅಮ್ಮಣ್ಣಿ ಆ ಮೇಣವನ್ನು ಬೆರಳಿಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದವರು ಹಾಗೇ ಹಿಡಿದುಕೊಂಡಿದ್ದರು. ಅವರನ್ನು ನೋಡಿ ನಗು ನಿಂತಿತು.

"ನಂಗೆ ಬಂದ್ ನಿಂತಲ್ಲೇ ಗೊತ್ತಾಯ್ತ್," ಎಂದರು ಮೆಲ್ಲಗೆ. "ಇದ್ ಹಿಂಡ್ಲಂಗ್ ಆಪು ಕೇದಗಿ ಅಲ್ಲ. ಇದ್ ಬೊಂಬಾಯಿದ್. ನಮ್ಮ್ ಯಜಮಾನ್ರ್ ಅಲ್ಲಿ ಹೋಟ್ಲಂಗೆ ಇದ್ದಿದ್ರ್. ವರ್ಷಕ್ಕ್ ಒಂದ್ಸಲ ಊರಿಗ್ ಬಪ್ಪತಿಗೆ ಪೇಡಿ ಡಬ್ಬಿ ತತ್ತಿದ್ರ್. ಪೇಡಿ ಮಕ್ಕಳ್ ತಿಂದ್ ಮುಗ್ಸ್ತಿದ್ರ್. ಖಾಲಿ ಡಬ್ಬಿ ನಾನ್ ಇಟ್ಕಂತಿದ್ದೆ. ಅವ್ರ್ ಮತ್ತೆ ಬಪ್ಪವರಿಗೂ ಅದ್ರಂಗೆ ಇದೇ ವಾಸ್ನಿ ಇರ್ತಿತ್ತ್. ಅವ್ರ್ ಹೋಯಿ ಮೂವತ್ತ್ ವರ್ಷ ಆಯ್ತ್."

ಉಲ್ಲಾಸ್ ಅಜ್ಜಿಯ ಕೈ ಹಿಡಿದುಕೊಂಡ.

"ನನ್ನ್ ಮೂಗ್ ಹೋಯ್ತ್ ಅಂದೇಳಿ ಇಷ್ಟ್ ಜನರ್ ಮುಂದೆ ಹೇಳುದ್ ಸುಲಭ ಅಲ್ಲ ಶೆಟ್ರೆ," ಎಂದರು ಅಮ್ಮಣ್ಣಿ. "ಹೆಣ್ಣಿಗ್ ಬೇಕಾಯಿ ಹೇಳ್ರಿ. ಸಾಕ್. ನಾಗಂಗೆ ಒಂದ್ ತಂಬಿಲದ ಪೂಜಿ ಕೊಟ್ಟ್ ಕೈ ಮುಗೀನಿ. ನಿಶ್ಚಯ ಹೇಳ್ದ್ ದಿನವೇ ಆಯ್ಲಿ. ಬಿಲ್ಲಿ ಮಾತ್ರ ಮರೀಬೇಡಿ. ಇದೇ ವಾಸ್ನಿ ಆಯ್ಕ್. ಮೇಣ ಮಾತ್ರ ಗಟ್ಟಿದ್ ತನ್ನಿ."

ಆ ಸಂಜೆ ಮೇಣ ತೆಗೆಯಲು ಶೆಟ್ಟರೂ ಕುಷ್ಟನೂ ಒಟ್ಟಿಗೆ ಇಳಿದರು. ಆರು ವರ್ಷದ ತರಗೆಲೆ ಗುಡಿಸಿದರು. ಯಾರ ಪೊರಕೆ ಯಾರ ಕಡೆ ಹೋಯಿತು ಎಂದು ಯಾರೂ ನೋಡಲಿಲ್ಲ. ಸರ್ವೆಯವರನ್ನು ಮತ್ತೆ ಕರೆಯುವ ಮಾತೂ ಬರಲಿಲ್ಲ. ಕುಷ್ಟನಿಗೆ ಸ್ವಲ್ಪ ಬೇಸರ ಇತ್ತು. ನಾಲ್ಕು ದಿನ ಅವನ ಅಂಗಳಕ್ಕೆ ಅಷ್ಟು ಜನ ಬಂದದ್ದು ಅವನ ಮದುವೆಯಲ್ಲೂ ಇರಲಿಲ್ಲ.

ಮರುದಿನ ಜಿತೇಂದ್ರನ ಅಂಗಡಿಯಲ್ಲಿ ಶೆಟ್ಟರು ಹೆಬ್ಬೆರಳನ್ನು ಜೇಬಿನಲ್ಲಿಟ್ಟುಕೊಂಡು ನಿಂತರು.

"ನೀನ್ ಹೇಳ್ದ್ ಲೆಕ್ಕದಂಗೆ ಕೊಡ್ ಮಾರಾಯ," ಎಂದರು.

ಗಟ್ಟಿಯದು ಮುಕ್ಕಾಲು, ಸೋಯಾ ಕಾಲು. ಕಿಟ್ಟ ಹೊಸ ಬಾಟ್ಲಿ ಕಳಿಸಿದ. ಕಳಿಸುವ ಮೊದಲು ಫೋನು ಮಾಡಿ, "ಅತ್ತಿಗಿ ಕೈಯಂಗೆ ಫೋನ್ ಕೊಡಿ" ಎಂದು ಅಳತೆಯನ್ನು ಶ್ರೀಲತಾರಿಗೇ ಹೇಳಿದ. ಶೆಟ್ಟರು ಒಲೆ ಉರಿಸಿದರು, ಶ್ರೀಲತಾ ಎಣ್ಣೆ ಅಳೆದರು, ಶ್ರಾವ್ಯ ಮೂಸಿ ನೋಡಿದಳು. ಅಚ್ಚು ಬಗ್ಗಿಸಿದರೆ ಟಪ್ ಎಂದು ಹಂಸ ಬಿತ್ತು, ಕುತ್ತಿಗೆ ಸಮೇತ. ಶೆಟ್ಟರು ಅದನ್ನು ಅಂಗೈಯಲ್ಲಿಟ್ಟುಕೊಂಡು ಇಡೀ ದಿನ ಓಡಾಡಿದರು. ಮೂಸಲಿಲ್ಲ. ಮೂಸಿ ಪ್ರಯೋಜನವೂ ಇರಲಿಲ್ಲ.

ಇಪ್ಪತ್ತಾರನೇ ತಾರೀಕು ಕುಂದಾಪುರದ ಮದುವೆ ಹಾಲಿನಲ್ಲಿ ನಿಶ್ಚಿತಾರ್ಥ ಆಯಿತು. ಉಂಗುರ ಹಾಕಿ, ಊಟ ಮುಗಿದು, ಬಂದವರೆಲ್ಲ ಒಂದೊಂದು ಹಂಸ ಹಿಡಿದು ಹೊರಡುತ್ತಿದ್ದರು. ಶೆಟ್ಟರು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು. ಪಕ್ಕದಲ್ಲಿ ನಾನು ಮತ್ತು ಕುಷ್ಟ.

ಆಗ ಅವರು ಒಮ್ಮೆ ತಲೆ ಎತ್ತಿದರು. ಮೊದಲು ಮಲ್ಲಿಗೆ ಬಂತಂತೆ. ಆಮೇಲೆ ಒಳಗಿನಿಂದ ಕಾಫಿ. ಆಮೇಲೆ ಅದೆಲ್ಲದರ ಮೇಲೆ, ಮೆಲ್ಲಗೆ, ಕೇದಗೆ. ಮೂರು ವಾರದ ಮೇಲೆ ಮೂಗು ವಾಪಸ್ಸು ಬಂದಿತ್ತು. ಅವರು ತಿರುಗಿ ನೋಡಿದರು. ಹಾಲಿನ ಮೂಲೆಯ ಕುರ್ಚಿಯಲ್ಲಿ ಅಮ್ಮಣ್ಣಿ ಹಂಸವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಮುಖದ ಹತ್ತಿರ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಅವರ ಕಾಲ ಬುಡದಲ್ಲಿ ಶ್ರಾವ್ಯ ಕೂತಿದ್ದಳು, ಹೊಸ ಉಂಗುರ ತಿರುಗಿಸುತ್ತಾ.

ಶೆಟ್ಟರ ಕಣ್ಣಿನಿಂದ ನೀರು ಇಳಿಯಿತು. ಮೂಗೂ ಸುರಿಯತೊಡಗಿತು.

"ಎಂತ ಪ್ರೇಮಣ್ಣ, ಕೂಗ್ತಾ ಇದ್ರ್ಯಾ?" ಎಂದ ಕುಷ್ಟ. ಕೂಗುವುದು ಎಂದರೆ ನಮ್ಮಲ್ಲಿ ಅಳುವುದು.

"ಇಲ್ಲೆ ಮಾರಾಯ," ಎಂದರು ಶೆಟ್ಟರು, ಶಲ್ಯದಿಂದ ಮುಖ ಒರೆಸಿಕೊಳ್ಳುತ್ತಾ. "ಒಂಚೂರ್ ಶೀತ."